ಜಿಪ್ಸಿಯೂ ಅಮ್ಮನ ಮೊಣಕಾಲೂ

ಕಳೆದ ಆಷಾಢದ ಒಂದು ರಾತ್ರಿ, ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಿಂದ 86 ವರ್ಷದ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕೆಸರಿನಲ್ಲಿ ಡಾಂಬರು ರಸ್ತೆಯವರೆಗೆ ಹೊತ್ತೊಯ್ಯಬೇಕಾಯಿತು. ಪುಣ್ಯಕ್ಕೆ ಆಸ್ಪತ್ರೆಯಿಂದ ಗುಣಮುಖರಾಗಿ ಮರಳಿದರು. ಮಗನಾದರೋ 2012ರ ಮಾರುತಿ ಜಿಪ್ಸಿಯೊಂದನ್ನು ಕೊಳ್ಳಲೇಬೇಕೆಂದು ಹಟ ಹಿಡಿದನು.

ಅವನ ವಾದದಲ್ಲಿ ಹುರುಳಿತ್ತು. ಜಿಪ್ಸಿಯ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಹರಿಸಬಹುದು. ಹಿಂದಿನವು ಜಾರಿದರೂ ಮುಂದಿನವು ಎಳೆಯುತ್ತವೆ. ಆದರೆ 15 ವರ್ಷ ತುಂಬಿದೊಡನೆ ವಾಹನವನ್ನು ಪರೀಕ್ಷೆಗೊಡ್ಡಿ ನೋಂದಣಿ ನವೀಕರಿಸಬೇಕು. ಹಿಂದೆ ಎದುರುಬದುರು ಬೆಂಚುಗಳು. ಹತ್ತುವುದೂ ಎತ್ತರ.

ಗಾಡಿ ಅಂಗಳಕ್ಕೆ ಬಂದಾಗ ಅಮ್ಮ ಎರಡು ಬಾರಿ ಕಾಲೆತ್ತಿ ಸೋತರು. ನಗುತ್ತಾ, "ಹತ್ತಿಸುವುದಕ್ಕೆ ನಾಲ್ಕು ಜನ ಬೇಕಾದರೆ, ಆ ನಾಲ್ವರೇ ಹೊತ್ತುಕೊಂಡು ಹೋಗಲಿ ಬಿಡೋ" ಎಂದರು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ.

ಗಾಡಿಯನ್ನು ಹಿಂದಕ್ಕೆ ಕಳುಹಿಸಿದೆವು. ಆ ಹಣದಲ್ಲಿ ದಾರಿಯ ಬದಿಗೆ ಚರಂಡಿ ತೋಡಿಸಿ, ಇಳಿಜಾರಿಗೆ ದಪ್ಪ ಜಲ್ಲಿ ಹಾಕಿಸಿದೆವು. ನೀರು ಹರಿದುಹೋದ ಮೇಲೆ ಕೆಸರೂ ಕಡಿಮೆಯಾಯಿತು. ಈ ಮಳೆಗಾಲದಲ್ಲಿ ನಮ್ಮ ಹಳೆಯ ಕಾರೇ ಜಗಲಿಯವರೆಗೆ ಬಂದಿತು.

ವಿದ್ಯಾರ್ಥಿ ಮಿತ್ರರೇ, ಹಳೆಯ ವಾಹನ ಕೊಳ್ಳುವಾಗ ಎಂಜಿನ್ನನ್ನು ಅವಶ್ಯವಾಗಿ ಪರೀಕ್ಷಿಸಿ. ಅದಕ್ಕೂ ಮೊದಲು ಮನೆಯ ಹಿರಿಯರನ್ನೊಮ್ಮೆ ಅದರಲ್ಲಿ ಕೂರಿಸಿ ನೋಡಿ.