ಸೋದರಳಿಯನ ಡಿಗ್ರಿ

ನನ್ನ ಎಂ.ಎ. ಸರ್ಟಿಫಿಕೇಟು ಚೌಕಟ್ಟು ಹಾಕಿಸಿಕೊಂಡು ನಮ್ಮ ನಡುಮನೆಯ ಗೋಡೆಯನ್ನೇರಿ ಇಪ್ಪತ್ತು ವರ್ಷ ದಾಟಿತು. ಏರಿಸಿದವರು ನಮ್ಮ ತಂದೆ. ಬಂದವರು ಕಾಫಿ ಕುಡಿಯುತ್ತ ತಲೆಯೆತ್ತಿದರೆ ಸರಿಯಾಗಿ ಅದೇ ಕಣ್ಣಿಗೆ ಬೀಳಬೇಕೆಂದು ಅಳತೆ ನೋಡಿ ಮೊಳೆ ಹೊಡೆಸಿದ್ದರು. ಅದರ ಬಲದಿಂದಲೇ ಇರಬೇಕು, ನೆಂಟರಿಷ್ಟರ ಮಕ್ಕಳು ಏನು ಓದಬೇಕು, ಏನು ಬಿಡಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ತೀರ್ಪು ಹೇಳುವ ಭಾರ ನನ್ನ ಪಾಲಿಗೆ ಬರುತ್ತದೆ. ಕನ್ನಡ ಪಾಠ ಹೇಳುವವನಿಗೆ ಇಂಜಿನಿಯರಿಂಗೂ ಗೊತ್ತು, ಲೆಕ್ಕಪತ್ರವೂ ಗೊತ್ತು ಎಂದು ಅವರ ನಂಬಿಕೆ. ನಾನೂ ಅದನ್ನು ಅಲ್ಲಗಳೆಯಲು ಹೋದವನಲ್ಲ.

ಕಳೆದ ಶ್ರಾವಣದಲ್ಲಿ ತಿಪಟೂರಿನಿಂದ ತಂಗಿಯ ಫೋನು ಬಂತು. "ಅಣ್ಣಯ್ಯ, ಇವನು ಬಿ.ಕಾಂ. ಬಿಡ್ತಾನಂತೆ. ಇನ್ನೊಂದೇ ವರ್ಷ, ಕಣ್ಣುಮುಚ್ಚಿ ಮುಗಿಸಬಾರದೆ? ವೆಬ್ ಡಿಸೈನೋ ಏನೋ ಮಾಡ್ತಾನಂತೆ. ಅದಕ್ಕೆ ಡಿಗ್ರಿ ಬೇಡವಂತೆ. ನೀನಾದರೂ ಸ್ವಲ್ಪ ಬುದ್ಧಿ ಹೇಳು."

ಹುಡುಗ ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು ಓದುತ್ತಿರುವವನು. ತಂದೆಯಿಲ್ಲ. ತಂಗಿಯ ಯಜಮಾನರು ಒಂದು ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದರು. ಲೆಕ್ಕದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಓದು ಎಸ್ಸೆಸ್ಸೆಲ್ಸಿಗೆ ನಿಂತಿತ್ತು. ಅವರ ಕೈಕೆಳಗೆ ಕೆಲಸ ಕಲಿತ ಮೂವರು ಹುಡುಗರು, ಡಿಗ್ರಿ ಇದ್ದ ಕಾರಣಕ್ಕೆ, ಒಬ್ಬರಾದ ಮೇಲೊಬ್ಬರಂತೆ ಅವರ ಮೇಲಿನ ಕುರ್ಚಿಯಲ್ಲಿ ಕುಳಿತರು. ಇದನ್ನು ಅವರು ಯಾರ ಮುಂದೆಯೂ ಆಡಿಕೊಂಡವರಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಾತ್ರ ಹೆಂಡತಿಗೆ, "ಹುಡುಗ ಡಿಗ್ರಿ ಮಾಡಲಿ" ಎಂದಿದ್ದರು. ತಂಗಿಯ ಫೋನಿನ ಹಿಂದೆ ಈ ಮಾತು ಇತ್ತೆಂಬುದು ಅವಳು ಹೇಳದೆಯೇ ನನಗೆ ತಿಳಿಯಿತು.

ರಾತ್ರಿ ಊಟವಾದ ಮೇಲೆ ಅಳಿಯನನ್ನು ಕರೆದು ಕೂರಿಸಿಕೊಂಡೆ. ನನ್ನ ಬತ್ತಳಿಕೆಯಲ್ಲಿದ್ದುದನ್ನೆಲ್ಲ ಪ್ರಯೋಗಿಸಿದೆ. ಅವನು ವಿನಯದಿಂದಲೇ ಕೇಳಿಸಿಕೊಂಡು, "ಮಾವ, ಈ ವೆಬ್ಬನ್ನು ಮಾಡಿದ ಟಿಮ್ ಬರ್ನರ್ಸ್-ಲೀ ಓದಿದ್ದು ಭೌತಶಾಸ್ತ್ರ" ಎಂದ. ನನಗೆ ಹಿಡಿಯಲು ಕೊಂಬೆ ಸಿಕ್ಕಿತು. "ನೋಡಿದೆಯಾ! ಆಕ್ಸ್‌ಫರ್ಡಿನ ಪದವೀಧರ!" ಎಂದೆ. "ಹೌದು ಮಾವ. ಆದರೆ 1989ರಲ್ಲಿ ಜಿನೀವಾದಲ್ಲಿ ಕೂತು ಅದನ್ನು ಯೋಚಿಸಿದಾಗ ವೆಬ್ ಡಿಸೈನಿನಲ್ಲಿ ಡಿಗ್ರಿ ಅನ್ನೋದೇ ಇರಲಿಲ್ಲ. ಪುಟಕ್ಕೆ ಬಣ್ಣ, ಅಳತೆ, ಅಂತರ ಕೊಡುವ ಸಿ.ಎಸ್.ಎಸ್. ಭಾಷೆಯನ್ನು ಹೋಕನ್ ವಿಯುಮ್ ಲೀ ಸೂಚಿಸಿದ್ದೇ 1994ರಲ್ಲಿ. ವರ್ಡ್‌ಪ್ರೆಸ್ ಕಟ್ಟಿದವರಲ್ಲಿ ಒಬ್ಬನಾದ ಮ್ಯಾಟ್ ಮುಲೆನ್‌ವೆಗ್ ಕಾಲೇಜು ಬಿಟ್ಟವನು." ಈಜಿ ದಡ ಸೇರಿದವರ ಹೆಸರು ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ನಡುನೀರಿನಲ್ಲಿ ಮುಳುಗಿದವರ ಪಟ್ಟಿ ಯಾರಲ್ಲಿದೆ ಎಂದು ನಾನು ಕೇಳಿದೆ. ಹುಡುಗ ಸುಮ್ಮನಾದ. ವಾದದಲ್ಲಿ ಗೆದ್ದೆನೆಂದು ನಾನು ಮಲಗಲು ಹೋದೆ. ನಿದ್ದೆ ಮಾತ್ರ ಬರಲಿಲ್ಲ.

ಇದಾದ ಒಂದು ವಾರಕ್ಕೆ ನಡೆದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮ ಕನ್ನಡ ಸಂಘಕ್ಕೆ ಒಂದು ಜಾಲತಾಣವಿದೆ. ಅದನ್ನು ತೆರೆದರೆ 'ಶಾಸ್ತ್ರ' ಎಂಬಲ್ಲಿ ಒತ್ತುಗಳ ಕಾಲು ಕತ್ತರಿಸಿಹೋಗಿರುತ್ತಿತ್ತು. ಕೆಲವು ಕಡೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕುಳಿತಿರುತ್ತಿತ್ತು. ಕನ್ನಡದ ಹಣೆಬರಹವೇ ಇಷ್ಟೆಂದು ನಾವು ಅಧ್ಯಾಪಕರೆಲ್ಲ ನಿಟ್ಟುಸಿರು ಬಿಟ್ಟು ತೆಪ್ಪಗಿದ್ದೆವು. ಅಳಿಯ ಒಂದು ಭಾನುವಾರ ಅದನ್ನು ನೋಡಿ, "ಹಣೆಬರಹ ಅಲ್ಲ ಮಾವ, ಸಾಲಿನ ಎತ್ತರ" ಎಂದ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವಷ್ಟು ಎತ್ತರವನ್ನೇ ಕನ್ನಡಕ್ಕೂ ಕೊಟ್ಟಿದ್ದಾರೆ. ನಮ್ಮ ಅಕ್ಷರ ಕೆಳಗೂ ಬೆಳೆಯುತ್ತದೆ, ಅದಕ್ಕೆ ಜಾಗ ಬೇಕು ಎಂದು ವಿವರಿಸಿದ. ಆಮೇಲೆ ನನ್ನ ಕಡೆಗೆ ತಿರುಗಿ, "ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುವ ಪದಗಳನ್ನು ಹೇಳಿ" ಎಂದ. ನಾನು ರಾಷ್ಟ್ರ, ವಸ್ತ್ರ, ಸ್ವಾತಂತ್ರ್ಯ ಎಂದು ಹೇಳುತ್ತ ಹೋದೆ. ಅವನು ಒಂದೊಂದನ್ನೂ ಪುಟದಲ್ಲಿಟ್ಟು ಪರೀಕ್ಷಿಸುತ್ತ ಹೋದ. ಇಷ್ಟು ವರ್ಷ ವ್ಯಾಕರಣ ಹೇಳಿದ್ದೇನೆ. ಸಂಯುಕ್ತಾಕ್ಷರದ ಪಾಠವನ್ನು ಇಷ್ಟು ಅಕ್ಕರೆಯಿಂದ ಕೇಳಿದ ಶಿಷ್ಯ ಇನ್ನೊಬ್ಬನಿಲ್ಲ. ಪಿ.ಯು.ಸಿ.ಯ ಕನ್ನಡದಲ್ಲಿ ಈ ಮಹರಾಯ ತೇರ್ಗಡೆಯಾದದ್ದೇ ಹೆಚ್ಚು ಎಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ.

'ಲಾಗಿನ್' ಎಂಬ ಪದಕ್ಕೆ ಮಾಡಿದ ಗುಂಡಿಯಲ್ಲಿ 'ಪ್ರವೇಶಿಸಿ' ಹಿಡಿಸುವುದಿಲ್ಲವೆಂದು ಗುಂಡಿಯನ್ನು ಅಗಲ ಮಾಡಿದ. ಕೊನೆಗೆ ನನ್ನ ಕನ್ನಡಕ ತೆಗೆಸಿ, "ಈಗ ಓದಿ" ಎಂದ. ಬೂದುಬಣ್ಣದ ಸಣ್ಣ ಅಕ್ಷರ ನನಗೆ ಕಾಣಲಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕಾಂತಿಯಲ್ಲಿ 4.5ಕ್ಕೆ 1ರ ಅಂತರವಾದರೂ ಇರಬೇಕೆಂಬ ನಿಯಮವಿದೆಯಂತೆ. ಇದನ್ನೆಲ್ಲ ಎಲ್ಲಿ ಕಲಿತೆ ಎಂದರೆ, ಯಾರು ಬೇಕಾದರೂ ಯಾವುದೇ ಪುಟದ ಮೂಲವನ್ನು ತೆರೆದು ಓದಬಹುದು, ಹಾಗೆ ಓದಿ ಕಲಿತೆ ಎಂದ. ನಮ್ಮ ವಿದ್ಯೆಯಲ್ಲಿ ಕವಿಯ ಚಿತ್ತುಕಾಟುಗಳ ಹಸ್ತಪ್ರತಿ ನೋಡಲು ಎಷ್ಟು ಕಚೇರಿ ಅಲೆಯಬೇಕೆಂಬುದು ನೆನಪಾಯಿತು. ಅದಿರಲಿ.

ಹಾಗಾದರೆ ಡಿಗ್ರಿ ಬೇಡವೆಂದು ತಂಗಿಗೆ ಹೇಳಿಬಿಡೋಣವೆಂದು ಫೋನು ಕೈಗೆತ್ತಿಕೊಂಡವನು ಮತ್ತೆ ಇಟ್ಟೆ. ಅಷ್ಟರಲ್ಲಿ ಇನ್ನೊಂದು ಪ್ರಸಂಗ ಒದಗಿತು. ಬೆಂಗಳೂರಿನ ಒಂದು ಕಂಪನಿಯವರು ಇವನ ಕೆಲಸದ ಮಾದರಿಗಳನ್ನು ನೋಡಿ ಮೆಚ್ಚಿ, ಮಾತಾಡಿ, ಒಂದು ಅರ್ಜಿ ತುಂಬಲು ಹೇಳಿದರು. ಅರ್ಜಿಯಲ್ಲಿ 'ಪದವಿ ಪಡೆದ ವರ್ಷ' ಎಂದೊಂದು ಚೌಕ. ಅದರ ಪಕ್ಕದಲ್ಲಿ ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದೆ ಹೋಗಗೊಡದು. 'ಓದುತ್ತಿದ್ದೇನೆ' ಎಂದು ಬರೆದರೆ ಅಂಕಿಯೇ ಬೇಕೆನ್ನುವುದು. ಹುಡುಗ ಅರ್ಧ ಗಂಟೆ ಗುದ್ದಾಡಿ, "ಮಾವ, ಈ ಅರ್ಜಿಯ ಡಿಸೈನೇ ಸರಿಯಿಲ್ಲ" ಎಂದು ನಕ್ಕ. ನಗು ಬೇಗ ಇಳಿಯಿತು. ಕಂಪನಿಗೆ ಕಾಗದ ಬರೆದ, ಉತ್ತರ ಬರಲಿಲ್ಲ.

ಕೆಲಸಕ್ಕೆ ಡಿಗ್ರಿ ಬೇಡ, ಕೆಲಸದ ಬಾಗಿಲಿಗೆ ಕೆಲವೆಡೆ ಬೇಕು ಎಂದು ನನಗೆ ಕಂಡದ್ದು ಆಗ. ಅಮೆರಿಕಕ್ಕೆ ಎಚ್-1ಬಿ ವೀಸಾದಲ್ಲಿ ಹೋಗುವವನಿಗೂ ಪದವಿ ಅಥವಾ ಅದಕ್ಕೆ ಸಮನಾದದ್ದು ಬೇಕು. ಓದದ ಒಂದೊಂದು ವರ್ಷಕ್ಕೂ ಮೂರು ಮೂರು ವರ್ಷದ ದುಡಿಮೆಯನ್ನು ಲೆಕ್ಕ ಹಿಡಿಯುತ್ತಾರೆ. ಇದರ ಮೇಲೆ, ಈಗ ಬಾಯಲ್ಲಿ ಹೇಳಿದರೆ ಯಂತ್ರವೇ ಪುಟ ಕಟ್ಟಿಕೊಡುವ ಕಾಲ. ಒತ್ತು ಕತ್ತರಿಸಿತೆಂದು ಅದಕ್ಕೆ ಹೇಳುವ ಕಣ್ಣಿಗೆ ಬೆಲೆಯಿದ್ದೇ ಇರುತ್ತದೆ ಎಂದು ಅಳಿಯ ಹೇಳುತ್ತಾನೆ. ಹೇಳುವಾಗ ಅವನ ದನಿಯಲ್ಲಿ ಪೂರ್ತಿ ಧೈರ್ಯವಿರುವುದಿಲ್ಲ. ಬಿಡು ಎಂದು ಹೇಳಿ ಉದಾರನೆನಿಸಿಕೊಳ್ಳುವುದು ನನಗೆ ಸುಲಭ. ತಿಂಗಳು ಮುಗಿದರೆ ನನ್ನ ಸಂಬಳ ಬರುತ್ತದೆ, ಅದೂ ಗೋಡೆಯ ಮೇಲಿನ ಆ ಕಾಗದದ ಪ್ರಭಾವದಿಂದ. ತೆಂಗಿನ ತೋಟವಿಲ್ಲದ, ತಂದೆಯಿಲ್ಲದ ಹುಡುಗನಿಗೆ ಆ ಮಾತು ಹೇಳಲು ನನಗೆ ನಾಲಗೆ ಬರಲಿಲ್ಲ. "ಒಂದು ವರ್ಷ ಎರಡು ದೋಣಿಯಲ್ಲೂ ಕಾಲಿಡು" ಎಂದೆ. ಕೆಟ್ಟ ಸಲಹೆಯೆಂದು ಹಿರಿಯರು ಹೇಳಿರುವುದು ನನಗೂ ಗೊತ್ತು. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಐದನೆಯ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟಲು ಕಡೆಯ ದಿನ ಬಂತು. ರಾತ್ರಿ ಹತ್ತಾದರೂ ಅವನು ಒಂದು ಮಿಠಾಯಿ ಅಂಗಡಿಯ ಪುಟದ ಕೆಲಸದಲ್ಲಿ ಮುಳುಗಿದ್ದ. ನಾನು ಕೇಳಬಾರದೆಂದುಕೊಂಡು ಪತ್ರಿಕೆ ಹಿಡಿದು ಕುಳಿತೆ. ಒಂದೇ ಸಾಲನ್ನು ಮೂರು ಸಲ ಓದಿದೆ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅವನು ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿದ. ಪರೀಕ್ಷಾ ಅರ್ಜಿಯ ಪುಟ. "ಕನ್ನಡಕ ತೆಗೆದು ಓದಿ ನೋಡಿ ಮಾವ." ತೆಗೆದು ನೋಡಿದೆ, ಒಂದಕ್ಷರವೂ ಕಾಣಲಿಲ್ಲ. "ಗೊತ್ತಿತ್ತು" ಎಂದು ಗೊಣಗುತ್ತ, ಮಿಠಾಯಿ ಅಂಗಡಿಯಿಂದ ಬಂದ ಮುಂಗಡದಲ್ಲೇ ಶುಲ್ಕ ಕಟ್ಟಿದ.

ಮರುದಿನ ತಂಗಿಗೆ ಫೋನು ಮಾಡಿ, ಫೀಸು ಕಟ್ಟಿದ್ದಾನೆ ಎಂದಷ್ಟೇ ಹೇಳಿದೆ. ಆರನೆಯ ಸೆಮಿಸ್ಟರಿನ ವಿಚಾರ ಅವಳು ಕೇಳಲಿಲ್ಲ, ನಾನೂ ಎತ್ತಲಿಲ್ಲ.