ಮಾಡಿಗೆ ಎಂತ ಬಣ್ಣ?

ಕೋಟೇಶ್ವರ, 2025

ಫೆಬ್ರವರಿ 9, ಭಾನುವಾರ

ಈ ಬೇಸಿಗೆಯಲ್ಲಿ ಹೆಂಚು ಕೈಯಾಡಿಸದಿದ್ದರೆ ಮುಂದಿನ ಮಳೆಗಾಲ ಕಷ್ಟ ಎಂದು ಮೇಸ್ತ್ರಿ ಹೇಳಿ ಹೋದರು. ದೇವರ ಕೋಣೆಯ ಮೂಲೆಯಲ್ಲಿ ಹೋದ ವರ್ಷ ಕೊಡಪಾನ ಇಟ್ಟು ಇಟ್ಟು ನನಗೂ ಸಾಕಾಗಿದೆ. ಪಕ್ಕಾಸುಗಳು ಹಲಸಿನ ಮರದವು, ಗಟ್ಟಿ ಇವೆ. ರೀಪುಗಳಿಗೆ ಅಲ್ಲಲ್ಲಿ ಒರಲೆ ಹಿಡಿದಿದೆ. ಹೇಗೂ ಕೆಲಸ ಶುರುವಾಗುತ್ತದೆ, ಜೊತೆಗೇ ಎದುರಿನ ಜಗಲಿಯನ್ನು ಸ್ವಲ್ಪ ಮುಂದಕ್ಕೆ ತಂದು ಶೀಟು ಹಾಕಿಸುವುದು, ಗೋಡೆಗೂ ಒಂದು ಕೈ ಬಣ್ಣ ಹೊಡೆಸುವುದು ಅಂತಾಯಿತು. ಇವರು ಕಾಗದ ಪೆನ್ನು ಹಿಡಿದು ಖರ್ಚಿನ ಲೆಕ್ಕಕ್ಕೆ ಕೂತರು.

ಸಂಜೆ ಮಕ್ಕಳಿಗೆ ಫೋನು. ಬೆಂಗಳೂರಿನಿಂದ ಮಗ ತಕ್ಷಣ ಒಂದು ಫೋಟೊ ಕಳಿಸಿದ: ಕಡು ಬೂದು ಬಣ್ಣದ ಮಾಡು, ಬಿಳಿ ಗೋಡೆ, ಕಪ್ಪು ಕಿಟಕಿ. “ಅಮ್ಮ, ಹೆಂಚಿಗೆ ಗ್ರೇ ಪೇಂಟ್ ಹೊಡೆಸಿಬಿಡಿ, ಮನೆ ಗುರುತೇ ಸಿಗಲ್ಲ” ಎಂದ. ಗುರುತು ಸಿಗದ ಮನೆ ಯಾರಿಗೆ ಬೇಕೋ! ಮಗಳದು ಬೇರೆಯೇ ರಾಗ. ಹೈದರಾಬಾದಿನಲ್ಲಿ ಅವರ ಕಟ್ಟಡದ ಟೆರೇಸಿಗೆ ಬಿಳಿ ಬಳಿಸಿದ್ದಾರಂತೆ. ತೆಲಂಗಾಣ ಸರಕಾರ 2023ರಲ್ಲಿ ಇದಕ್ಕೆಂದೇ ‘ಕೂಲ್ ರೂಫ್’ ನೀತಿ ತಂದಿದೆ, ಬಿಳಿ ಬಿಸಿಲನ್ನು ವಾಪಸು ಕಳಿಸುತ್ತದೆ, ನೀವೂ ಬಿಳಿಯೇ ಮಾಡಿಸಿ ಎಂದಳು. ಇವರು ತಲೆ ಎತ್ತದೆ, “ಇದ್ದದ್ದೇ ಇರಲಿ” ಎಂದರು. ನಾನಿನ್ನೂ ಬಾಯಿ ಬಿಟ್ಟಿಲ್ಲ.

ಫೆಬ್ರವರಿ 17, ಸೋಮವಾರ

ಕುಂದಾಪುರದ ಅಂಗಡಿಗೆ ಹೋಗಿದ್ದೆವು. ಬಣ್ಣದ ಕಾರ್ಡು ಬಿಡಿಸಿಟ್ಟರು. ಒಂದೊಂದು ಬಣ್ಣವೂ ಹೆಬ್ಬೆರಳಿನ ಅಗಲ. ಬ್ರಿಕ್ ರೆಡ್, ಟೆರಾಕೋಟಾ, ಹಸಿರು, ಕಡಲ ನೀಲಿ, ಆಫ್ ವೈಟ್, ಎರಡು ಮೂರು ನಮೂನೆಯ ಬೂದು. ಕಾರ್ಡಿನಲ್ಲಿ ಎಲ್ಲವೂ ಚೆಂದ. ಹಿತ್ತಲಿಗೆ ಹೋಗಿ ಅದೇ ಬ್ರಿಕ್ ರೆಡ್ಡಿನ ಪೂರ್ತಿ ಶೀಟು ಬಿಸಿಲಿನಲ್ಲಿ ನೋಡಿದರೆ ಕಣ್ಣಿಗೆ ಹೊಡೆಯುತ್ತಿತ್ತು. ಚೂರಿನಲ್ಲಿ ಗಂಭೀರವಾಗಿದ್ದ ಬಣ್ಣ ಅಗಲವಾದ ಕೂಡಲೇ ತಿಳಿಯಾಗುತ್ತದೆ, ಹೊಳಪೂ ಏರುತ್ತದೆ. ಸೀರೆ ಅಂಗಡಿಯಲ್ಲಾದರೆ ಹೆಗಲಿಗೆ ಹೊದ್ದು ನೋಡದೆ ನಾವು ಎದ್ದು ಬರುವುದಿಲ್ಲ. ಮೂವತ್ತು ವರ್ಷ ತಲೆ ಮೇಲೆ ಇರುವ ಮಾಡನ್ನು ಕಾರ್ಡು ನೋಡಿ ಆರಿಸುತ್ತೇವೆ.

ಅಂಗಡಿಯ ಹುಡುಗನಿಗೆ ಸಂಶಯವೇ ಇಲ್ಲ. “ಹೆಂಚಿನ ಮನೆಗೆ ಎಲ್ಲರೂ ಬ್ರಿಕ್ ರೆಡ್ಡೇ ತಕೊಂಡು ಹೋಗುದು ಅಕ್ಕ, ಹೆಂಚಿಗೆ ಸಮ ಮ್ಯಾಚ್.” ಇವರು ದಪ್ಪದ ವಿಚಾರ ತೆಗೆದರು, 0.45 ಮಿಲಿಮೀಟರೋ 0.50ಯೋ ಅಂತ. ಸಮುದ್ರ ಹತ್ತಿರ ಇರುವವರು ಕತ್ತರಿಸಿದ ಅಂಚು ಮತ್ತು ಸ್ಕ್ರೂವಿನ ಬುಡ ನೋಡಿಕೊಳ್ಳಬೇಕು, ತುಕ್ಕು ಅಲ್ಲಿಂದಲೇ ಶುರು ಎಂದರು ಮಾಲೀಕರು. ಮೂಲೆಯಲ್ಲಿ ಬಿದ್ದಿದ್ದ ತುಂಡುಗಳನ್ನು ಕೇಳಿ ತಂದೆ: ಬ್ರಿಕ್ ರೆಡ್, ಆಫ್ ವೈಟ್, ಕಡು ಬೂದು, ತಿಳಿ ಬೂದು. ಬಸ್ಸಿನಲ್ಲಿ ಜನ ನೋಡುತ್ತಿದ್ದರು. ನೋಡಲಿ.

ಫೆಬ್ರವರಿ 27, ಗುರುವಾರ

ಶಿವರಾತ್ರಿಯ ಜಾಗರಣೆ ಮುಗಿಸಿ ದೇವಸ್ಥಾನದಿಂದ ಬರುವಾಗ ಬೆಳಕಾಗಿತ್ತು. ದಾರಿಯುದ್ದಕ್ಕೂ ಮಾಡುಗಳನ್ನೇ ನೋಡುತ್ತ ಬಂದೆ. ಇಷ್ಟು ವರ್ಷ ಇದೇ ದಾರಿ, ಯಾರ ಮಾಡು ಯಾವ ಬಣ್ಣ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಒಂದು ಕಡೆ ನೀಲಿ ಶೀಟು, ಕೆಳಗೆ ಗುಲಾಬಿ ಗೋಡೆ. ಎರಡೂ ಒಟ್ಟಿಗೆ ಮಾತಾಡುತ್ತವೆ, ಒಂದೂ ಕೇಳಿಸುವುದಿಲ್ಲ. ಇನ್ನೊಂದು ಹೆಂಚಿನ ಮನೆ, ಹೆಂಚಿಗೆ ಹೊಳೆಯುವ ಮರೂನ್ ಪೇಂಟು. ಹೊಡೆಸಿದ ವರ್ಷ ಊರೆಲ್ಲ ಹೊಗಳಿತ್ತು. ಈಗ ಪದರ ಪದರವಾಗಿ ಏಳುತ್ತಿದೆ, ಬಿಟ್ಟಲ್ಲಿ ಹಳೆಯ ಹೆಂಚಿನ ಬಣ್ಣ ಇಣುಕುತ್ತಿದೆ. ಮೂರನೆಯದರಲ್ಲಿ ಹೆಂಚು ಕಪ್ಪಾಗಿದೆ, ಗೋಡೆ ಹಾಲುಬಿಳಿ. ಆ ಬಿಳಿಯ ಮೇಲೆ ಹೆಂಚು ಇದ್ದದ್ದಕ್ಕಿಂತ ಹೆಚ್ಚು ಕೊಳೆಯಾಗಿ ಕಾಣುತ್ತದೆ.

ನಮ್ಮ ಗೇಟಿನ ಹೊರಗೆ ನಿಂತು ನಮ್ಮ ಮನೆಯನ್ನೂ ನೋಡಿದೆ. ಸೂರು ಅಷ್ಟು ಕೆಳಗೆ ಇಳಿದಿದೆ, ಮಾಡು ಅಷ್ಟು ಕಡಿದಾಗಿದೆ. ರಸ್ತೆಯಿಂದ ಕಾಣುವುದರಲ್ಲಿ ಹೆಚ್ಚು ಪಾಲು ಮಾಡೇ, ಗೋಡೆ ಅದರ ನೆರಳಿನಲ್ಲಿ ಒಂದು ಪಟ್ಟಿ. ಟೆರೇಸ್ ಮನೆಯಲ್ಲಿ ಗೋಡೆಯೇ ಮುಖ, ಹೆಂಚಿನ ಮನೆಯಲ್ಲಿ ಮಾಡು. ಅದೂ ಅಲ್ಲದೆ ಗೋಡೆಯ ಬಣ್ಣ ಐದಾರು ವರ್ಷಕ್ಕೆ ಹೋಗುವಂಥದ್ದು, ಮಾಡು ಹಾಗಲ್ಲ. ಗೋಡೆಗೆ ಹೊಂದುವ ಮಾಡು ಯಾವುದು ಎಂದು ನಾವೆಲ್ಲ ಜಗಳಾಡುತ್ತಿದ್ದೇವೆ. ಕೇಳಬೇಕಾದ್ದು ಅದರ ಉಲ್ಟಾ.

ಮಾರ್ಚ್ 8, ಶನಿವಾರ

ಕೆಲಸ ಶುರುವಾಯಿತು. ಮೇಸ್ತ್ರಿ ಮೇಲಿನಿಂದ ಹೆಂಚು ಇಳಿಸುತ್ತ ಹೋದರು, ಅಂಗಳದಲ್ಲಿ ಅವರ ಹುಡುಗರು ಸಾಲಾಗಿ ಒಟ್ಟಿದರು. ಅಡಿಯಲ್ಲಿ ಅಚ್ಚಿನ ಅಕ್ಷರ. ಕೆಲವಕ್ಕೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. “ಅಜ್ಜಿ ಕಾಲಕ್ಕಿಂತ ಹಿಂದಿನದು!” ಎಂದು ಹುಡುಗರಿಗೆ ಆಶ್ಚರ್ಯ. ಅದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ ಎಂದು ಇವರು ತಿಳಿಸಿ ಹೇಳಿದರು. ಜರ್ಮನಿಯಿಂದ ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನ್ನಿನವರು ನೇತ್ರಾವತಿ, ಗುರುಪುರ ನದಿ ಬಯಲಿನ ಜೇಡಿ ನೋಡಿ ಅದನ್ನು ಶುರುಮಾಡಿದ್ದು. ಉಳಿದ ಹೆಂಚುಗಳಿಗೆ ಬೇರೆ ಬೇರೆ ಕಾರ್ಖಾನೆಯ ಹೆಸರು. ಒಡೆದಾಗಲೆಲ್ಲ ಸಿಕ್ಕಿದ್ದನ್ನು ತಂದು ಸೇರಿಸಿದ ಮಾಡು ಇದು.

ಪಕ್ಕಪಕ್ಕ ಇಟ್ಟರೆ ಒಂದರ ಕೆಂಪು ಇನ್ನೊಂದಕ್ಕಿಲ್ಲ. ಒಂದಕ್ಕೆ ಕಿತ್ತಳೆಯ ಛಾಯೆ, ಇನ್ನೊಂದು ಕಂದು, ಮತ್ತೊಂದರ ಒಂದು ಮೂಲೆ ಉರಿ ಹೆಚ್ಚಾಗಿ ನೇರಳೆಗೆ ತಿರುಗಿದೆ. ಜೇಡಿಯಲ್ಲಿರುವ ಕಬ್ಬಿಣ ಭಟ್ಟಿಯಲ್ಲಿ ಗಾಳಿಯೊಡನೆ ಸೇರಿ ಕೆಂಪಾಗುತ್ತದೆ. ಮಣ್ಣು ಬೇರೆಯಾದರೆ, ಉರಿ ಬೇರೆಯಾದರೆ ಕೆಂಪೂ ಬೇರೆ. ಅಂಗಳದ ಮಣ್ಣು ಕೆಂಪಾಗಿರುವುದಕ್ಕೂ, ಗೋಡೆಯೊಳಗಿನ ಮುರಕಲ್ಲು ಕೆಂಪಾಗಿರುವುದಕ್ಕೂ ಅದೇ ಕಬ್ಬಿಣ ಕಾರಣ. ಹೆಂಚು ಮುರಿದರೆ ಒಳಗೂ ಅದೇ ಬಣ್ಣ.

ಒಂದು ಹೆಂಚನ್ನು ತೆಂಗಿನ ನಾರಿನಿಂದ ಉಜ್ಜಿದೆ. ಕಪ್ಪು ಪಾಚಿ ಹೋಗಿ ಅಡಿಯ ಬಣ್ಣ ಬಂತು. ಅರ್ಧದ ಮೇಲೆ ಚೊಂಬಿನಿಂದ ನೀರು ಹೊಯ್ದೆ. ಒಣಗಿದ ಅರ್ಧ ಇಟ್ಟಿಗೆಯ ಬಣ್ಣದಲ್ಲೇ ಇತ್ತು, ಒದ್ದೆಯಾದ ಅರ್ಧ ನೋಡುತ್ತಿದ್ದಂತೆ ಕಾಚಿನ ಬಣ್ಣಕ್ಕೆ ಇಳಿಯಿತು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡು ಒಣಗುವುದು ಅಪರೂಪ. ಹಾಗಾದರೆ ವರ್ಷದ ಮೂರರಲ್ಲೊಂದು ಪಾಲು ನಮ್ಮ ಮಾಡಿನ ಬಣ್ಣ ಈ ಒದ್ದೆಯ ಬಣ್ಣವೇ. ಯಾವ ಕಾರ್ಡಿನಲ್ಲೂ ಇದಿಲ್ಲ.

ಮಾರ್ಚ್ 31, ಸೋಮವಾರ

ಯುಗಾದಿ, ರಂಜಾನ್ ರಜೆ ಒಟ್ಟಿಗೆ ಬಂದದ್ದರಿಂದ ಮಗ ಬಂದಿದ್ದಾನೆ. ತಂದಿಟ್ಟ ತುಂಡುಗಳನ್ನು ಸೂರಿನ ಹೆಂಚಿಗೆ ತಾಗಿಸಿ ಕಟ್ಟಿ ಗೇಟಿನ ಹತ್ತಿರ ನಿಂತೆವು. ಬೆಳಿಗ್ಗೆ ಒಮ್ಮೆ, ನಡುಹಗಲು ಒಮ್ಮೆ, ಹೊತ್ತು ಇಳಿದ ಮೇಲೆ ಒಮ್ಮೆ.

ಮೊದಲು ಬಿದ್ದದ್ದು ಬ್ರಿಕ್ ರೆಡ್. ಒಂಟಿಯಾಗಿ ನೋಡಿದರೆ ಅದರಲ್ಲಿ ದೋಷವಿಲ್ಲ. ನಿಜವಾದ ಹೆಂಚಿನ ಪಕ್ಕ ಬಂದರೆ ಮಾತ್ರ ಅದು ಎಲ್ಲೂ ಏರಿಳಿತವಿಲ್ಲದ ಒಂದೇ ಕೆಂಪು, ಮೇಲೆ ಹಚ್ಚಿದ್ದು ಎಂದು ಸಾರಿ ಹೇಳುತ್ತದೆ. ಹತ್ತಿರ ಬಂದೂ ಸೇರದ ಬಣ್ಣಕ್ಕಿಂತ ಸೇರುವ ಹಟವೇ ಇಲ್ಲದ ಬಣ್ಣ ವಾಸಿ. “ಇದು ಹೆಂಚಿನ ಹಾಗೆ ನಟಿಸ್ತಾ ಇದೆ” ಎಂದ ಮಗ. ಅವನ ಬಾಯಿಂದ ಬಂತಲ್ಲ, ನಾನು ಸುಮ್ಮನಾದೆ.

ಆಫ್ ವೈಟ್ ಮಧ್ಯಾಹ್ನ ಮುಟ್ಟಿದರೆ ಕೈ ಇಡಬಹುದು. ಕಡು ಬೂದಿನ ಮೇಲೆ ಇಟ್ಟ ಕೈ ಹಿಂದಕ್ಕೆ ಬಂತು. ಮಗಳ ಮಾತು ಅಲ್ಲಿಗೆ ಸರಿ. ಬಿಸಿಲ ಊರಿನ ಕಾಂಕ್ರೀಟು ಟೆರೇಸಿಗೆ ಬಿಳಿಯಷ್ಟು ಒಳ್ಳೆಯದು ಇಲ್ಲ. ಇಲ್ಲಿ ನಾಲ್ಕು ತಿಂಗಳ ಮಳೆಗೆ ಹಾವಸೆ ಹಿಡಿದು ಬಿಳಿ ಬಿಳಿಯಾಗಿ ಉಳಿಯುವುದಿಲ್ಲ. ಉಳಿಸಬೇಕಾದರೆ ವರ್ಷವರ್ಷವೂ ಮಾಡು ಹತ್ತಿ ಉಜ್ಜಬೇಕು. ಹೆಂಚಿನ ಮಾಡಿಗೆ ಅಷ್ಟು ಅಗತ್ಯವೂ ಇಲ್ಲ, ಸಂದಿಯಲ್ಲಿ ಗಾಳಿ ಆಡುತ್ತದೆ, ಬಿಸಿ ಮೇಲೆ ಹೋಗುತ್ತದೆ. ಶೀಟಿಗೆ ಮಾತ್ರ ತಿಳಿ ಬಣ್ಣ ಮುಖ್ಯ.

ಉಳಿದದ್ದು ತಿಳಿ ಬೂದು. ಜಗಲಿಯ ಕಂಬಗಳೂ ಮೆಟ್ಟಿಲೂ ಶಿಲೆಕಲ್ಲಿನವು, ಹೆಚ್ಚುಕಡಿಮೆ ಅದೇ ಬಣ್ಣ. ಮೇಲೆ ಕೆಂಪು ಹೆಂಚು, ನಡುವೆ ಕಲ್ಲಿನ ಬಣ್ಣದ ಶೀಟು, ಕೆಳಗೆ ಕಲ್ಲಿನ ಕಂಬ. ಮಗನಿಗೆ ಬೂದು ಸಿಕ್ಕಿತು, ಮಗಳಿಗೆ ತಂಪು, ಇವರಿಗೆ ಇದ್ದದ್ದೇ ಇದ್ದಂತೆ. ರಾಜಿ ಮಾಡಿಸಲು ಹೊರಟದ್ದಲ್ಲ, ನೋಡುತ್ತ ಹೋದರೆ ಅಲ್ಲಿಗೆ ಬಂತು.

ಏಪ್ರಿಲ್ 19, ಶನಿವಾರ

ಹೆಂಚಿಗೆ ಪೇಂಟು ಬೇಡವೆಂದು ಮೇಸ್ತ್ರಿಯೂ ಹೇಳಿದರು. “ಅಮ್ಮ, ಒಂದ್ ಸಲ ಹಚ್ರೆ ಮತ್ತ್ ಬಿಡುಕೆ ಆತಿಲ್ಲೆ.” ಹೌದಲ್ಲ. ಪೇಂಟಿನ ಹೆಂಚು ಹಳತಾದರೆ ಚರ್ಮ ಸುಲಿದದ್ದು ಕಾಣುತ್ತದೆ, ಬರಿಯ ಹೆಂಚು ಹಳತಾದರೆ ಕಪ್ಪಾಗುತ್ತದೆ, ಅಷ್ಟೆ.

ಒಡೆದದ್ದಕ್ಕೆ ಹೊಸ ಹೆಂಚು ತರಿಸಿದ್ದೆವು. ಹಳೆಯದರ ನಡುವೆ ಇವು ತೇಪೆ ಹಾಕಿದ ಹಾಗೆ ಕಾಣುತ್ತವಲ್ಲ ಎಂದು ನನಗೆ ಚಿಂತೆ. ಮೇಸ್ತ್ರಿ ನಕ್ಕರು. ಹಿತ್ತಲ ಕಡೆಯ ಇಳಿಜಾರಿನಿಂದ ಹಳೆಯ ಹೆಂಚು ತೆಗೆದು ಎದುರಿಗೆ ತಂದು ತುಂಬಿದರು, ಹೊಸದೆಲ್ಲ ಹಿತ್ತಲಿಗೆ ಹೋಯಿತು. ಎದುರಿನಿಂದ ನೋಡಿದರೆ ಮಾಡಿಗೆ ಒಂದೇ ವಯಸ್ಸು. ಹಿಂದೆ ಎರಡು ಸಾಲು ಹೊಚ್ಚ ಹೊಸ ಕೆಂಪು, ಅದನ್ನು ನೋಡುವವಳು ಬಟ್ಟೆ ಒಗೆಯಲು ಹೋಗುವ ನಾನೊಬ್ಬಳೇ.

ಇನ್ನು ಗೋಡೆ. ಈಗಿರುವ ಪಿಸ್ತಾ ಹಸಿರು ಎಲ್ಲರೂ ಬೇಡ ಎನ್ನುತ್ತಾರೆ. ಸೂರಿನ ಕೆಳಗೆ ಮೂರು ಬಣ್ಣ ಚೌಕವಾಗಿ ಹೊಡೆಸಿದೆ: ಅಪ್ಪಟ ಬಿಳಿ, ಕೆನೆ, ತಿಳಿ ಹಳದಿ. ನೆರಳಿನಲ್ಲಿ ಬಿಳಿಗೆ ನೀಲಿ ಛಾಯೆ ಬರುತ್ತದೆ, ಮೇಲಿನ ಕೆಂಪು ಗಡುಸಾಗುತ್ತದೆ. ಹಳದಿ ಸಂಜೆ ಬಿಸಿಲಿಗೆ ಕಿತ್ತಳೆಯಾಗಿ ಹೆಂಚಿನೊಡನೆ ಪೈಪೋಟಿಗೆ ಇಳಿಯುತ್ತದೆ. ಕೆನೆ ಯಾವ ಹೊತ್ತಿನಲ್ಲೂ ತಲೆ ಎತ್ತಲಿಲ್ಲ. ಕೆನೆಯೇ.

ಮೇ 12, ಸೋಮವಾರ

ಪೇಂಟರ್ ಗೋಡೆಗೆ ನೆಲದವರೆಗೂ ಕೆನೆ ಹೊಡೆಯಲು ಹೊರಟಿದ್ದ, ತಡೆದೆ. ಸೂರಿನ ನೀರು ಬಿದ್ದು ಅಂಗಳದ ಕೆಮ್ಮಣ್ಣು ಮೊಣಕಾಲೆತ್ತರ ಸಿಡಿಯುತ್ತದೆ. ಹಿಂದಿನವರು ಗೋಡೆಯ ಬುಡಕ್ಕೆ ಕಾವಿ ಪಟ್ಟಿ ಎಳೆಸುತ್ತಿದ್ದದ್ದು ಅಲಂಕಾರಕ್ಕೊಂದೇ ಅಲ್ಲ, ಸಿಡಿದ ಕೆಸರು ಕಾಣಬಾರದು ಎಂತಲೂ. ನಾವೂ ಎರಡು ಅಡಿ ಎತ್ತರಕ್ಕೆ ಕಾವಿ ಕೆಂಪು ಹೊಡೆಸಿದೆವು. ಅದು ಮುಗಿದ ಮೇಲೆ ಇನ್ನೊಂದು ಗಮನಕ್ಕೆ ಬಂತು: ಮೇಲಿನ ಕೆಂಪಿಗೆ ಕೆಳಗೊಂದು ಜೊತೆ ಸಿಕ್ಕಿದೆ, ಮಾಡಿನ ಭಾರ ಗೋಡೆಯ ಮೇಲೆ ಕೂತು ನೆಲಕ್ಕೆ ಮುಟ್ಟಿದೆ. ಕಿಟಕಿಯ ಹಳೆಯ ಎಲೆಹಸಿರು ಇರಲಿ ಎಂದರು ಇವರು. ಮಗ ಕಪ್ಪು ಎಂದು ಫೋನಿನಲ್ಲಿ ಒಮ್ಮೆ ಕೇಳಿ ನೋಡಿದ.

ಮೇ 27, ಮಂಗಳವಾರ

ಕೇರಳಕ್ಕೆ 24ಕ್ಕೇ ಮುಂಗಾರು ಬಂದಿದೆ. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲಂತೆ. ಇಲ್ಲೂ ಬಿಟ್ಟೂಬಿಡದೆ ಹೊಡೆಯುತ್ತಿದೆ. ಜೂನ್ ಬರಲಿ ಎಂದು ಕಾದವರ ಮಾಡುಗಳಿಗೆಲ್ಲ ನೀಲಿ ಟಾರ್ಪಾಲು.

ಕೊಡೆ ಹಿಡಿದು ಗೇಟಿಗೆ ಹೋದೆ. ಹೆಂಚು ಕಾಚಿನ ಬಣ್ಣಕ್ಕೆ ಇಳಿದಿದೆ. ಕೆನೆ ಗೋಡೆ ಅದರೊಡನೆ ಸಲೀಸಾಗಿ ಹೋಗುತ್ತದೆ. ಬಿಳಿಯಾಗಿದ್ದರೆ ಈ ಮಬ್ಬಿನಲ್ಲಿ ಎರಡರ ನಡುವೆ ಗೆರೆ ಕೊಯ್ದಂತೆ ಇರುತ್ತಿತ್ತು. ಶೀಟಿನ ಸದ್ದು ಮಾತ್ರ ವಿಪರೀತ, ಜಗಲಿಯಲ್ಲಿ ಕೂತು ಮಾತಾಡುವ ಹಾಗಿಲ್ಲ. ಅದಕ್ಕೆ ಯಾವ ಬಣ್ಣವೂ ಮದ್ದಲ್ಲ. ದೇವರ ಕೋಣೆ ಒಣಗಿದೆ.

ಜೂನ್ 15, ಭಾನುವಾರ

ಆಚೆಮನೆಯ ಅಕ್ಕ ಬಂದಿದ್ದರು. ಮನೆ ಲಕ್ಷಣವಾಗಿ ಕಾಣುತ್ತದೆ, ನಮ್ಮದಕ್ಕೂ ಒಂದು ಬಣ್ಣ ಹೇಳಿ ಮಾರಾಯ್ರೆ ಎಂದರು. ಬಣ್ಣ ಆಮೇಲೆ, ಮೊದಲು ಬದಲಾಗದ್ದು ಯಾವುದು ಅಂತ ಎಣಿಸಿ ಎಂದೆ. ಕಲ್ಲು, ಮಣ್ಣು, ಮಾಡು. ಅದಕ್ಕೆ ಗೋಡೆ ತಗ್ಗಿ ನಡೆಯಬೇಕು. ಚೂರು ನೋಡಬೇಡಿ, ತುಂಡು ತಂದು ಮಾಡಿಗೇ ಹಿಡಿದು ರಸ್ತೆಯಲ್ಲಿ ನಿಂತು ನೋಡಿ, ಒದ್ದೆ ಮಾಡಿಯೂ ನೋಡಿ. ಹತ್ತಿರದ ಬಣ್ಣ ಹಾಕಿ ಹೊಂದಿಸಲು ಹೋಗಬೇಡಿ.

ಎಲ್ಲ ಕೇಳಿ ತಲೆಯಾಡಿಸಿ, ಹೊರಡುವಾಗ ಹೇಳಿದರು: “ಅಲ್ಲ, ನಮ್ಮ ಯಜಮಾನ್ರು ನೀಲಿ ಶೀಟು ಆಗಲೇ ತಂದು ಹಾಕಿಸಿ ಆಯ್ತಲ್ಲ.”

ಹಾಗಾದರೆ ಬದಲಾಗದ್ದರ ಪಟ್ಟಿಗೆ ನೀಲಿಯೂ ಸೇರಿತು. ಗೋಡೆಗೆ ಬಿಳಿ, ಬುಡಕ್ಕೆ ಬೂದು ಪಟ್ಟಿ, ಗುಲಾಬಿಯ ಕಡೆ ತಿರುಗಿಯೂ ನೋಡಬೇಡಿ ಎಂದೆ. ಮಳೆ ಬಿಟ್ಟ ಮೇಲೆ ಒಟ್ಟಿಗೆ ಕುಂದಾಪುರಕ್ಕೆ ಹೋಗುವುದು ಎಂದಾಗಿದೆ.