ಮುಂಬಯಿ ನೋಡುವ ಮುನ್ನ

ಮುಂಬಯಿಯನ್ನು ಮೊದಲ ಸಲ ನೋಡಲು ಹೊರಡುವ ಮುನ್ನ ನಾವು ಬರೆದ ಪಟ್ಟಿಯು ಎರಡು ಹಾಳೆಗಳನ್ನು ತುಂಬಿತ್ತು. ನಮಗಿದ್ದುದಾದರೋ ಮೂರೇ ದಿನ. ಎಲಿಫೆಂಟಾ ಗುಹೆಗಳಿಗೆ ಸೋಮವಾರವನ್ನು ಗೊತ್ತುಮಾಡಿದ್ದೆವು. ವಿಚಾರಿಸಲಾಗಿ, ಆ ವಾರ ಗುಹೆಗಳು ಮುಚ್ಚಿರುವುವೆಂದು ತಿಳಿಯಿತು. ದೋಣಿಯಲ್ಲಿ ಸುಮಾರು ಒಂದು ಗಂಟೆಯ ಪಯಣ. ಇಳಿದ ಮೇಲೆ ನೂರಕ್ಕೂ ಮಿಕ್ಕ ಮೆಟ್ಟಿಲುಗಳು. ಇದನ್ನು ಕೇಳಿ, ಎಪ್ಪತ್ತು ದಾಟಿದ ನಮ್ಮ ಮಾತೃಶ್ರೀಯವರು, “ನೀವು ಹೋಗಿಬನ್ನಿ, ನಾನು ಬಿಡಾರದಲ್ಲಿಯೇ ಇರುತ್ತೇನೆ. ಅಲ್ಲಿಂದ ಸಮುದ್ರ ಕಾಣುತ್ತದೆಯೆ?” ಎಂದರು. ಅವರು ಹುಟ್ಟಿದಂದಿನಿಂದ ಸಮುದ್ರವನ್ನೇ ಕಂಡವರಲ್ಲವೆಂಬುದು ನಮಗಾಗ ನೆನಪಾಗಿ ನಾಚಿಕೆಯಾಯಿತು.

ಪಟ್ಟಿಯನ್ನು ಹರಿದು ಹೊಸದಾಗಿ ಬರೆದೆವು. ಗುಹೆಗಳನ್ನು ಬಿಟ್ಟೆವು. 1887ರಲ್ಲಿ ವಿಕ್ಟೋರಿಯಾ ಟರ್ಮಿನಸ್ ಎಂದು ಹೆಸರಾದ ಭವ್ಯವಾದ ರೈಲು ನಿಲ್ದಾಣ ಒಂದು ದಿನ. 1924ರಲ್ಲಿ ಪೂರ್ಣವಾದ ಗೇಟ್‌ವೇ ಆಫ್ ಇಂಡಿಯಾ, ಅದಕ್ಕೆ ಸಮೀಪದ ವಸ್ತುಸಂಗ್ರಹಾಲಯ ಮರುದಿನ. ಮಧ್ಯಾಹ್ನ ವಿಶ್ರಾಂತಿ, ಸಂಜೆಗಳೆಲ್ಲ ಗಿರಗಾಂವ್ ಚೌಪಾಟಿಗೆ ಮೀಸಲು.

ಮೊದಲ ಸಂಜೆಯೇ ಅಲೆಯೊಂದು ಬಂದು ಮಾತೃಶ್ರೀಯವರ ಪಾದಗಳನ್ನು ತೋಯಿಸಿತು. ಅವರು ಮಾತಿಲ್ಲದೆ ಕೈಮುಗಿದು ನಿಂತರು. ನಮ್ಮ ಯಾತ್ರೆಯು ಸಾರ್ಥಕವಾಯಿತು.

ದೊಡ್ಡ ಪಟ್ಟಣಕ್ಕೆ ಹೊರಡುವ ಗೃಹಸ್ಥರು ಮೊದಲು ಮನೆಯವರ ಕಾಲ್ಬಲವನ್ನೂ ಮನದಾಸೆಯನ್ನೂ ಕೇಳಿ, ಆ ಮೇಲೆ ಪಟ್ಟಿ ಬರೆಯುವುದು ಲೇಸು.